ಎರಡು ಬೆರಳಿನ ಸಂದು

ಶಿರವಾಡದ ಶೆಡ್ಡಿನಲ್ಲಿ ಟೇಪು ಹಿಡಿಯುವವಳು ನಾನು.
ಇನಾಸ ಮೇಸ್ತ್ರಿ ಅಳೆದದ್ದನ್ನು ಬರೆಯುತ್ತೇನೆ,
ಬರೆದದ್ದನ್ನು ಅವನು ನಂಬುವುದಿಲ್ಲ,
ಕೈಯಾಡಿಸಿಯೇ ನೋಡಬೇಕು ಅವನಿಗೆ.
ನಲವತ್ತು ವರ್ಷ ಬೈತಖೋಲದಲ್ಲಿ ದೋಣಿ ಕಟ್ಟಿದ ಕೈ.
ಫೈಬರ್ ಬಂತು, ಮರ ಹೋಯಿತು;
ಕೈಗೆ ಇನ್ನೂ ಹಲಗೆಯ ಬಾಗು ನೆನಪು.

ಕೆಲಸ ಬಂದದ್ದು ಗೋವೆಯ ಕಡೆಯಿಂದ:
ವಿಮಾನದ ಬಾಲದ ಸುತ್ತ ನಿಲ್ಲಲು ಒಂದು ಅಟ್ಟ.
ಏಣಿ ಇಲ್ಲವೇ, ಎಂದೆ.
ಇದೆಯಲ್ಲ, ಎಂದ ರಿಪೇರಿಯ ಬಿಜುಮೋನ್,
ಪ್ಯಾಂಟು ಮೊಣಕಾಲಿನ ತನಕ ಮಡಚಿ ತೋರಿಸಿದ:
ಹನ್ನೊಂದು ಹೊಲಿಗೆ.
"ಒಂದು ಕೈ ಏಣಿಗೆ, ಒಂದು ಕೈ ಬೋಲ್ಟಿಗೆ,
ಸ್ಪ್ಯಾನರು ಬಾಯಲ್ಲಿ.
ದೇವರೇ ಅನ್ನಲು ಬಾಯಿಲ್ಲ,
ಮುಗಿಯಲು ಕೈಯಿಲ್ಲ."

ಏಣಿ ಹಾಕಿದರೂ ಎಟುಕದು ಅಂತಾರಲ್ಲ, ಎಂದೆ ಇನಾಸನಿಗೆ.
"ಎಟುಕುತ್ತದೆ ಮಾರಾಯ್ತಿ.
ಎಟುಕಿದ ಮೇಲೆ ನಿಲ್ಲುವುದೆಲ್ಲಿ,
ಅದು ಕೇಳು."

ಹೋಗಿ ನೋಡಿದೆವು.
ಆಕಾಶದಲ್ಲಿ ಬೆರಳುದ್ದ ಕಂಡದ್ದು
ಇಲ್ಲಿ ಹೊಟ್ಟೆ ಬಗೆದ ಇಸೋಣದ ಹಾಗೆ
ತಂತಿಯ ಕರುಳು ಹೊರಗೆ ಹಾಕಿ ನಿಂತಿತ್ತು.
ನನಗೆ ನಾಚಿಕೆಯಾಯಿತು, ಯಾಕೋ ತಿಳಿಯದು.
ಇನಾಸ ಮಾತ್ರ ಚಪ್ಪಲಿ ಬಿಟ್ಟು ಹತ್ತಿರ ಹೋದ,
ಅಂಗೈಯನ್ನು ಬಾಗಿನ ಗುಂಟ ಜಾರಿಸಿದ,
"ಪಾತಿಯೇ ಇದು," ಎಂದ, "ನೀರೊಂದಿಲ್ಲ."

ಎರಡು ತಿಂಗಳು. ಪೆದ್ರು ಸಿದ್ದಿಯ ವೆಲ್ಡಿಂಗ್ ಕಿಡಿ
ಶೆಡ್ಡಿನ ತಗಡಿಗೆ ಹಾರಿ ಹಾರಿ ಆರುತ್ತಿತ್ತು.
ಉಪ್ಪುಗಾಳಿಗೆ ರಾತ್ರಿ ಬೆಸೆದ ಕಬ್ಬಿಣ
ಬೆಳಗಾಗುವಾಗ ಕೆಂಪು;
ಉಜ್ಜು, ಬಣ್ಣ ಹಚ್ಚು, ಮತ್ತೆ ಉಜ್ಜು.
ಅಂತೂ ಒಯ್ದು ನಿಲ್ಲಿಸಿದರೆ
ಬಾಲಕ್ಕೂ ಅಟ್ಟಕ್ಕೂ ಕೂಡಿಬರಲಿಲ್ಲ,
ಐದು ಬೆರಳು ಮೇಲೆ.

ಎಲ್ಲರೂ ನನ್ನ ಪುಸ್ತಕದ ಕಡೆ ನೋಡಿದರು.
ನಾನೂ ನೋಡಿದೆ. ಅಂಕಿ ಸರಿಯಿತ್ತು.
ನಕ್ಷೆಯೂ ಸರಿಯಿತ್ತು.
ಸರಿಯಿದ್ದೂ ತಪ್ಪಾಗುವುದು
ಅಳುವುದಕ್ಕಿಂತ ಕಷ್ಟ.

ಇನಾಸ ಬೀಡಿಗೆ ಕೈ ಹಾಕಿ, ಬೋರ್ಡು ನೋಡಿ, ಕೈ ತೆಗೆದ.
"ನಾವು ಅಳೆದ ದಿನ ಇದರ ಹೊಟ್ಟೆ ಖಾಲಿಯಿತ್ತೋ?"
ಯಾರಿಗೂ ಉತ್ತರ ಬರಲಿಲ್ಲ.
ಬಿಜುಮೋನ್ ರಿಜಿಸ್ಟರು ತಿರುವಿದ: ಖಾಲಿ.
ಇವತ್ತು?
ಅರ್ಧಕ್ಕೂ ಮೇಲೆ ಎಣ್ಣೆ.
"ಅಷ್ಟೇ. ಮೀನು ತುಂಬಿದ ದೋಣಿ ಕುಸಿಯುತ್ತದೆ,
ಬರಿದಾದದ್ದು ಏಳುತ್ತದೆ.
ಕಾಂಕ್ರೀಟಿನ ಮೇಲೆ ನಿಂತರೂ
ಗಾಲಿಗೊಂದು ಅಲೆ ಇದ್ದೇ ಇದೆ."

ವಾಪಸು ತಂದೆವು. ಕತ್ತರಿಸಿದೆವು.
ಈ ಸಲ ಕಾಲಿಗೆ ಜಾಕು, ಅಂಚಿಗೆ ಡ್ರಾವರಿನಂತೆ
ಒಳಗೆ ಹೊರಗೆ ಜಾರುವ ಹಲಗೆ,
ತುದಿಗೆ ರಬ್ಬರಿನ ತುಟಿ, ಸುತ್ತ ಸೊಂಟದೆತ್ತರದ ಕಂಬಿ.
ಎರಡು ಬೆರಳು ಸಂದು ಬಿಡು, ಎಂದ ಇನಾಸ.
ಮೂರಾದರೆ ನಟ್ಟು ಬೀಳುತ್ತದೆ,
ಒಂದಾದರೆ ಅದರ ಮೈ ತರಚುತ್ತದೆ.
ಯಾರ ಬೆರಳು, ಎಂದು ಕೇಳಿದೆ.
ನನ್ನ ಕೈ ಹಿಡಿದು ನೋಡಿ,
"ನಿನ್ನದೇ ಆಗಲಿ," ಎಂದ.

ಲಾರಿ ಕಾಳಿಯ ಮೇಲೆ ಹೋಯಿತು, ಉಳಿದ ಒಂದೇ ಸೇತುವೆ,
ಬಸ್ಸು ಸ್ಕೂಟರು ಎಲ್ಲ ಹಿಂದೆ ಸಾಲು.
ಕಿಟಕಿಯಿಂದ ಒಬ್ಬ ಅಜ್ಜಿ ಕೂಗಿದಳು:
ಯಾರ ಮದುವೆಗೆ ಹಂದರ?
ಹಗ್ಗ ಹಿಡಿದು ಮೇಲೆ ಕೂತ ಪೆದ್ರು ಹೇಳಿದ:
ಬಾಲದ್ದು!
ಕೆಳಗೆ ನದಿ ಕಡಲಿಗೆ ಕೈ ಕೊಡುತ್ತಿತ್ತು,
ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು
ಟೇಪಿಗೆ ಸಿಗದು.

ಮೊನ್ನೆ ಬಿಜುಮೋನ್ ಫೋನು:
ಐದು ದಿನದ ಕೆಲಸ ಮೂರಕ್ಕೆ ಮುಗಿಯಿತಂತೆ,
ಸಾಹೇಬರಿಗೆ ಖುಷಿಯಂತೆ.
ಆಮೇಲೆ ದನಿ ತಗ್ಗಿಸಿ,
"ಇನ್ನೊಂದು. ಮೇಲಿದ್ದಾಗ ಸೀನು ಬಂತು.
ಸೀನಿದೆ."
ಮತ್ತೆ?
"ಮತ್ತೇನಿಲ್ಲ. ಎರಡೂ ಕೈ ಬಿಟ್ಟು
ಜೋರಾಗಿ ಸೀನಿದೆ, ಅಷ್ಟೇ."

ಇನಾಸನಿಗೆ ಹೇಳಿದೆ.
ಹೊಸ ಪೈಪಿನ ಬಾಯಿಗೆ ಅರ ಹಾಕುತ್ತಿದ್ದ,
ತಲೆ ಎತ್ತಲಿಲ್ಲ.
"ಸೀನಿದ್ದು ಇರಲಿ," ಎಂದ,
"ಸಂದು ಎಷ್ಟಿದೆ ಕೇಳಿದೆಯಾ?"